ಗಂಟಲ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ದನಿಯನ್ನೂ ನುಂಗುವ ಶಕ್ತಿಯನ್ನೂ ಉಳಿಸಿಕೊಳ್ಳುವ ಬಗೆ

ಗಂಟಲ ಕ್ಯಾನ್ಸರ್‌ಗೆ ಆಪರೇಷನ್ ಎಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಮಾತು ಹೋಗುತ್ತದಾ ಡಾಕ್ಟ್ರೇ?' ಎಂಬುದು. ಕೇಳಲೇಬೇಕಾದ ಪ್ರಶ್ನೆ. ಅದರ ಜೊತೆಗೇ ಇನ್ನೊಂದನ್ನೂ ಕೇಳಬೇಕು: 'ನುಂಗಿದ್ದು ಶ್ವಾಸಕೋಶಕ್ಕೆ ಇಳಿಯದಂತೆ ಇರುತ್ತದಾ?' ದನಿ ಹೋದರೆ ಬೇರೆ ರೀತಿಯಲ್ಲಿ ಮಾತು ಮರಳಿ ಪಡೆಯಲು ದಾರಿಗಳಿವೆ. ಪ್ರತಿ ಗುಟುಕೂ ನೆತ್ತಿಗೇರಿ, ಮೇಲಿಂದ ಮೇಲೆ ನ್ಯುಮೋನಿಯಾ ಆಗಿ, ಹೊಟ್ಟೆಗೆ ಹಾಕಿದ ನಳಿಕೆಯಲ್ಲೇ ಊಟ ಮುಗಿಸಬೇಕಾಗಿ ಬಂದರೆ, ಧ್ವನಿಪೆಟ್ಟಿಗೆ ಉಳಿದೂ ಉಪಯೋಗವಿಲ್ಲ. ಆದ್ದರಿಂದ ಇಲ್ಲಿ ಪ್ರತಿಯೊಂದು ತೀರ್ಮಾನವನ್ನೂ ಮೊದಲು ನುಂಗುವುದರ ಕಡೆಯಿಂದ, ಆಮೇಲೆ ದನಿಯ ಕಡೆಯಿಂದ ನೋಡಿದ್ದೇವೆ. ಮುಖ್ಯವಾಗಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬಗ್ಗೆ ಬರೆದಿದ್ದೇವೆ. ನಾಲಿಗೆಯ ಬುಡ ಮತ್ತು ಟಾನ್ಸಿಲ್‌ನ ವಿಷಯ ಬೇಕಾದಲ್ಲಿ ಬರುತ್ತದೆ.

ಉಳಿಯಲೇಬೇಕಾದ ಭಾಗ ಯಾವುದು

ಧ್ವನಿಪೆಟ್ಟಿಗೆಗೆ ಮೂರು ಕೆಲಸ: ಉಸಿರಿಗೆ ದಾರಿ ಬಿಡುವುದು, ನುಂಗುವಾಗ ಆ ದಾರಿ ಮುಚ್ಚುವುದು, ದನಿ ಹೊರಡಿಸುವುದು. ಧ್ವನಿತಂತುಗಳಿಲ್ಲದಿದ್ದರೂ ಈ ಮೂರನ್ನೂ ಒಂದು ಮಟ್ಟಕ್ಕೆ ನಡೆಸಬಹುದು ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಇಲ್ಲದೆ ನಡೆಯದಿರುವುದು ಬೇರೊಂದಿದೆ. ಕೆಳಗೆ ಕ್ರಿಕಾಯ್ಡ್ ಎಂಬ ಮೃದ್ವಸ್ಥಿಯ ಉಂಗುರ. ಉಸಿರಿನ ದಾರಿಯಲ್ಲಿ ಪೂರ್ತಿ ಸುತ್ತುವರಿದ ಉಂಗುರ ಇದೊಂದೇ. ಅದರ ಹಿಂಭಾಗದ ಮೇಲೆ ಕೂತ ಎರಡು ಪುಟ್ಟ ಮೃದ್ವಸ್ಥಿಗಳು, ಅಂದರೆ ಅರಿಟೆನಾಯ್ಡ್‌ಗಳು. ಅವನ್ನು ತಿರುಗಿಸುವ ಸ್ನಾಯುಗಳು, ಆ ಸ್ನಾಯುಗಳಿಗೆ ಹೋಗುವ ನರ, ಮತ್ತು ಒಳಪದರಕ್ಕೆ ಸ್ಪರ್ಶ ಕೊಡುವ ಮೇಲಿನ ನರ. ಕ್ರಿಕಾಯ್ಡ್ ಜೊತೆಗೆ ಕನಿಷ್ಠ ಒಂದು ಅರಿಟೆನಾಯ್ಡ್ ತನ್ನ ನರ, ಸ್ನಾಯು ಸಮೇತ ಚೆನ್ನಾಗಿ ಓಡಾಡುವಂತೆ ಉಳಿದರೆ ಮಾತ್ರ ಧ್ವನಿಪೆಟ್ಟಿಗೆಯ ಒಂದು ಭಾಗವನ್ನಷ್ಟೇ ತೆಗೆಯುವ ಭಾಗಶಃ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಗೆಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಇದನ್ನು ಮುಟ್ಟಿದೆಯೇ ಎಂಬುದು ಹೆಚ್ಚು ಮುಖ್ಯ.

ಮೇಲಿನ ನರದ ಒಳಶಾಖೆಯನ್ನು ಹಗುರವಾಗಿ ಎಣಿಸಬಾರದು. ಅದು ಹೋದರೆ ಆಹಾರ ತಪ್ಪುದಾರಿಗೆ ಇಳಿದರೂ ಕೆಮ್ಮು ಬರುವುದಿಲ್ಲ. ಕೆಮ್ಮು ಇಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಮನೆಯವರು ತಿಳಿಯುತ್ತಾರೆ; ವಾರದೊಳಗೆ ಜ್ವರ, ಎದೆಯಲ್ಲಿ ಕಫ.

ಆಪರೇಷನ್‌ಗೆ ಮುಂಚಿನ ಪರೀಕ್ಷೆಗಳು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಎಚ್ಚರವಿರುವಾಗಲೇ ಮೂಗಿನಿಂದ ಸಣ್ಣ ಎಂಡೋಸ್ಕೋಪ್ ಇಳಿಸಿ, 'ಈ' ಎನ್ನಿಸಿ, ಮೂಗಿನಿಂದ ಉಸಿರೆಳೆಸಿ, ಕೆಮ್ಮಿಸಿ ನೋಡಬೇಕು. ವರದಿಯಲ್ಲಿ 'ತಂತು ನಿಶ್ಚಲ' ಎಂದಷ್ಟೇ ಬರೆದಿದ್ದರೆ ಸಾಲದು. ತಂತು ನಿಂತಿದ್ದು, ಹಿಂದಿನ ಅರಿಟೆನಾಯ್ಡ್ ಇನ್ನೂ ಅಲುಗುತ್ತಿದೆಯೇ? ಹಾಗಿದ್ದರೆ ಗೆಡ್ಡೆ ತಂತುವಿನ ಸ್ನಾಯುವಿನೊಳಗೆ ಇಳಿದಿದೆ ಎಂದು. ಭಾಗಶಃ ಶಸ್ತ್ರಚಿಕಿತ್ಸೆಯ ಬಾಗಿಲು ಇನ್ನೂ ತೆರೆದಿರಬಹುದು. ಅರಿಟೆನಾಯ್ಡ್ ಕೂಡ ನಿಂತಿದ್ದರೆ ಕೀಲು ಅಥವಾ ನರಕ್ಕೆ ಪೆಟ್ಟಾಗಿದೆ. ಆ ಬಾಗಿಲು ಬಹುತೇಕ ಮುಚ್ಚಿದಂತೆ. ಗೆಡ್ಡೆ ಎಷ್ಟು ಹಬ್ಬಿದೆ ಎಂದು ಹೇಳುವ ಟಿ1ರಿಂದ ಟಿ4ರವರೆಗಿನ ಹಂತಗಳಲ್ಲಿ ಎರಡೂ ಟಿ3 ಎಂದೇ ದಾಖಲಾಗುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. 'ಅರಿಟೆನಾಯ್ಡ್ ಅಲುಗುತ್ತಿದೆಯೇ?' ಎಂದು ನಿಮ್ಮ ಸರ್ಜನ್ ಅವರನ್ನು ನೇರವಾಗಿ ಕೇಳಿ. ವಿಡಿಯೊ ಇದ್ದರೆ ತೋರಿಸಿ ಎನ್ನಿ.

ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಬಯಾಪ್ಸಿಗೆ ಮೊದಲೇ ಆಗುವುದು ಒಳ್ಳೆಯದು. ಬಯಾಪ್ಸಿಯ ಊತ ಸ್ಕ್ಯಾನ್‌ನಲ್ಲಿ ಗೆಡ್ಡೆಯಂತೆಯೇ ಕಾಣಿಸಿ, ಹಂತವನ್ನು ಇರುವುದಕ್ಕಿಂತ ಮೇಲೆ ತೋರಿಸಬಹುದು. ಸ್ಕ್ಯಾನ್‌ನಲ್ಲಿ ಹುಡುಕುವುದು: ಎಪಿಗ್ಲಾಟಿಸ್ (ನುಂಗುವಾಗ ಉಸಿರಿನ ದಾರಿಗೆ ಮುಚ್ಚಳವಾಗುವ ಭಾಗ) ಮುಂದಿನ ಕೊಬ್ಬಿನ ಜಾಗ, ತಂತುವಿನ ಪಕ್ಕದ ಜಾಗ, ಧ್ವನಿಪೆಟ್ಟಿಗೆಯ ಮುಂದೆ ಗುರಾಣಿಯಂತಿರುವ ಥೈರಾಯ್ಡ್ ಮೃದ್ವಸ್ಥಿಯ ಒಳಗೋಡೆ, ಹೊರಗೋಡೆ, ಕ್ರಿಕಾಯ್ಡ್, ಮತ್ತು ಕುತ್ತಿಗೆಯ ದುಗ್ಧಗ್ರಂಥಿಗಳು. ಹೊರಗೋಡೆ ದಾಟಿದರೆ ಅದು ಟಿ4ಎ. ಅರಿವಳಿಕೆಯಲ್ಲಿ ಕೋನವಿರುವ ದರ್ಶಕಗಳಿಂದ ಮತ್ತೊಮ್ಮೆ ನೋಡಿದಾಗ ತಂತುಗಳ ಕೆಳಗಿನ ಭಾಗ ಮತ್ತು ಎರಡು ತಂತುಗಳು ಮುಂದೆ ಕೂಡುವ ಮೂಲೆ ಸ್ಪಷ್ಟವಾಗುತ್ತದೆ. ಆ ಮೂಲೆಯನ್ನು ಬಿಟ್ಟುಬಿಟ್ಟರೆ ಕ್ಯಾನ್ಸರ್ ಮರಳುವುದು ಅಲ್ಲಿಂದಲೇ.

ನುಂಗುವ ಪರೀಕ್ಷೆಯನ್ನು ಆಪರೇಷನ್ ಆದ ಮೇಲೆ ಮಾಡಿದರಾಯಿತು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮೊದಲೇ ಎಕ್ಸ್‌ರೇ ವಿಡಿಯೊದಲ್ಲೋ ಮೂಗಿನ ಎಂಡೋಸ್ಕೋಪ್‌ನಲ್ಲೋ ನೋಡಿಕೊಂಡರೆ, ಆಮೇಲೆ ಕಾಣುವ ತೊಂದರೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂದು ಗೊತ್ತಾಗುತ್ತದೆ. ಆಹಾರ ಎಷ್ಟು ಆಳಕ್ಕೆ ಇಳಿಯಿತು, ಕೆಮ್ಮು ಅದನ್ನು ಹೊರಹಾಕಿತೇ ಎಂಬುದಕ್ಕೆ 1ರಿಂದ 8ರವರೆಗಿನ ಅಳತೆಯಿದೆ. 1 ಎಂದರೆ ಏನೂ ಇಳಿದಿಲ್ಲ, 8 ಎಂದರೆ ತಂತುಗಳ ಕೆಳಗೆ ಇಳಿದರೂ ಕೆಮ್ಮೇ ಬಂದಿಲ್ಲ. ದನಿಯನ್ನೂ ರೆಕಾರ್ಡ್ ಮಾಡಿಡಿ: ಒಂದು ಓದು, ಒಂದು ದೀರ್ಘ 'ಆ'. ಆರೋಗ್ಯವಂತ ವಯಸ್ಕರು ಒಂದೇ ಉಸಿರಿನಲ್ಲಿ 15 ಸೆಕೆಂಡ್‌ಗಿಂತ ಹೆಚ್ಚು 'ಆ' ಎಳೆಯುತ್ತಾರೆ.

ಶ್ವಾಸಕೋಶದ ಬಲವೇ ಅನೇಕ ಸಲ ಕೊನೆಯ ತೀರ್ಪು ಕೊಡುತ್ತದೆ. ಭಾಗಶಃ ಶಸ್ತ್ರಚಿಕಿತ್ಸೆಯಾದ ಬಹುಪಾಲು ಜನರಿಗೆ ಮೊದಲ ವಾರಗಳಲ್ಲಿ ಸ್ವಲ್ಪವಾದರೂ ಒಳಗಿಳಿಯುತ್ತದೆ. ಅದನ್ನು ಕೆಮ್ಮಿ ತೆಗೆಯುವ ತಾಕತ್ತು ಇರಬೇಕು. ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಬಲ್ಲರೇ ಎಂಬುದು ಹಳೆಯ ಪರೀಕ್ಷೆ, ಇಂದಿಗೂ ಕೆಲಸಕ್ಕೆ ಬರುತ್ತದೆ. ಜೊತೆಗೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸಿ. ಉಬ್ಬಸ, ಹಳೆಯ ಕಫದ ಕಾಯಿಲೆ ತೀವ್ರವಾಗಿದ್ದರೆ ಗೆಡ್ಡೆ ಚಿಕ್ಕದಿದ್ದರೂ ದೊಡ್ಡ ಭಾಗಶಃ ಶಸ್ತ್ರಚಿಕಿತ್ಸೆ ಕೈಕೊಡುತ್ತದೆ.

ತಂಬಾಕನ್ನು ಇಂದೇ ಬಿಡಬೇಕು. 'ಆಪರೇಷನ್ ಆದ ಮೇಲೆ' ಎಂಬ ಮಾತಿಲ್ಲ. ಆರು ತಿಂಗಳಲ್ಲಿ ತೂಕ ಶೇ 10ಕ್ಕಿಂತ ಹೆಚ್ಚು ಇಳಿದಿದ್ದರೆ ಮೊದಲು ಪೋಷಣೆ ಸರಿಪಡಿಸಿಕೊಳ್ಳಿ: ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 30 ಕಿಲೊಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. ಆಮೇಲೆ ರೇಡಿಯೇಶನ್ ಇದ್ದರೆ ಕೆಟ್ಟ ಹಲ್ಲುಗಳನ್ನು ಅದಕ್ಕೆ ಎರಡು ವಾರ ಮುಂಚೆ ಕೀಳಿಸಿ. ರೇಡಿಯೇಶನ್ ಆದ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಮಾಯುವುದು ಕಷ್ಟ.

ಯಾವ ದಾರಿ ಯಾರಿಗೆ

ಒಂದೇ ತಂತುವಿಗೆ ಸೀಮಿತವಾದ ಟಿ1ಎಗೆ ಲೇಸರ್ ಆಪರೇಷನ್, ರೇಡಿಯೇಶನ್ ಎರಡೂ ಒಳ್ಳೆಯವೇ. ಗುಣವಾಗುವ ಪ್ರಮಾಣದಲ್ಲಿ ದೊಡ್ಡ ಅಂತರವಿಲ್ಲ. ತಂತುವಿನ ಮಧ್ಯದಲ್ಲಿ ಮೇಲ್ಪದರದಲ್ಲೇ ಇರುವ ಗೆಡ್ಡೆಗೆ ನಾವು ಲೇಸರ್ ಕಡೆ ಒಲಿಯುತ್ತೇವೆ: ಒಂದೇ ಸಲಕ್ಕೆ ಮುಗಿಯುತ್ತದೆ, ದನಿಯೂ ಚೆನ್ನಾಗಿರುತ್ತದೆ, ಮತ್ತು ಮುಂದೊಂದು ದಿನ ಬೇಕಾದರೆ ರೇಡಿಯೇಶನ್ ಎಂಬ ಅಸ್ತ್ರ ಕೈಯಲ್ಲಿ ಉಳಿದಿರುತ್ತದೆ. ತಂತುವಿನ ಸ್ನಾಯುವನ್ನು ಆಳವಾಗಿ ತೆಗೆಯಬೇಕಾಗುವಲ್ಲಿ, ದನಿಯೇ ಜೀವನೋಪಾಯವಾದವರಿಗೆ, ರೇಡಿಯೇಶನ್ ಯೋಚಿಸತಕ್ಕದ್ದು. ಅದಕ್ಕೆ ಬಳಸುವ ಒಂದು ಸಾಮಾನ್ಯ ಕ್ರಮ 28 ಬಾರಿಗೆ ಒಟ್ಟು 63 ಗ್ರೇ (ರೇಡಿಯೇಶನ್ ಪ್ರಮಾಣದ ಮಾನ).

ಮುಂದುವರಿದ ಹಂತದಲ್ಲಿ ಎರಡು ದೊಡ್ಡ ಅಧ್ಯಯನಗಳು ದಾರಿ ಬದಲಿಸಿದವು. 1991ರಲ್ಲಿ ಪ್ರಕಟವಾದ ಅಮೆರಿಕದ ವೆಟರನ್ಸ್ (ಮಾಜಿ ಸೈನಿಕರ) ಆಸ್ಪತ್ರೆಗಳ ಅಧ್ಯಯನದಲ್ಲಿ, ಮೊದಲು ಕೀಮೋ ಆಮೇಲೆ ರೇಡಿಯೇಶನ್ ಪಡೆದವರಲ್ಲಿ ಶೇ 64 ಮಂದಿಯ ಧ್ವನಿಪೆಟ್ಟಿಗೆ ಉಳಿಯಿತು. ಎರಡು ವರ್ಷ ಬದುಕುಳಿದವರ ಪ್ರಮಾಣ ಪೂರ್ಣ ಶಸ್ತ್ರಚಿಕಿತ್ಸೆಯ ಗುಂಪಿನಷ್ಟೇ, ಶೇ 68. 2003ರಲ್ಲಿ ಪ್ರಕಟವಾದ, ಅಮೆರಿಕದ ರೇಡಿಯೇಶನ್ ಸಂಶೋಧನಾ ಗುಂಪಿನ ಆರ್‌ಟಿಒಜಿ 91-11 ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಮತ್ತು ರೇಡಿಯೇಶನ್ ಒಟ್ಟಿಗೆ ಪಡೆದವರಲ್ಲಿ ಎರಡು ವರ್ಷಕ್ಕೆ ಶೇ 88 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. ಮೊದಲು ಕೀಮೋ ಪಡೆದವರಲ್ಲಿ ಶೇ 75, ಬರೀ ರೇಡಿಯೇಶನ್‌ನಲ್ಲಿ ಶೇ 70. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಂಗ ಉಳಿದಿದೆ ಎಂಬ ಲೆಕ್ಕ ಬೇರೆ, ಅದು ಕೆಲಸ ಮಾಡುತ್ತಿದೆ ಎಂಬ ಲೆಕ್ಕ ಬೇರೆ. ಮೃದ್ವಸ್ಥಿ ಒಡೆದು ಹೊರಬಂದ ದೊಡ್ಡ ಟಿ4 ಗೆಡ್ಡೆಯವರನ್ನು ಎರಡನೆಯ ಅಧ್ಯಯನಕ್ಕೆ ತೆಗೆದುಕೊಂಡಿರಲೇ ಇಲ್ಲ. ಅಂಥವರಿಗೆ, ಮತ್ತು ಈಗಾಗಲೇ ನುಂಗಲು ಆಗದೆ ನಳಿಕೆ, ಉಸಿರಿಗೆ ಟ್ರಕಿಯಾಸ್ಟಮಿ (ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಇಡುವ ನಳಿಕೆ) ಹಾಕಿಸಿಕೊಂಡವರಿಗೆ, ಪೂರ್ಣ ಧ್ವನಿಪೆಟ್ಟಿಗೆ ತೆಗೆಯುವುದೇ ಹೆಚ್ಚಾಗಿ ಸರಿಯಾದ ದಾರಿ. ಆಮೇಲೆ ಉಸಿರಿನ ದಾರಿಯೂ ಅನ್ನದ ದಾರಿಯೂ ಬೇರೆಯಾಗುವುದರಿಂದ ನೆತ್ತಿಗೇರುವ ಭಯ ಹೋಗುತ್ತದೆ.

ಶಸ್ತ್ರಚಿಕಿತ್ಸೆಯೊಳಗೆ: ಕಾರ್ಯ ಉಳಿಸುವ ಕೈಚಳಕ

ಲೇಸರ್‌ನಲ್ಲಿ ತಂತುವನ್ನು ಎಷ್ಟು ಆಳಕ್ಕೆ ತೆಗೆಯುವುದು ಎಂಬುದಕ್ಕೆ ಯುರೋಪಿನ ವರ್ಗೀಕರಣವಿದೆ. ಮೊದಲನೆಯ ವಿಧದಲ್ಲಿ ಮೇಲ್ಪದರ ಮಾತ್ರ, ಎರಡನೆಯದರಲ್ಲಿ ಅದರಡಿಯ ತಂತುಕಟ್ಟು, ಮೂರನೆಯದರಲ್ಲಿ ಸ್ನಾಯುವಿನ ಭಾಗ, ನಾಲ್ಕನೆಯದರಲ್ಲಿ ಇಡೀ ತಂತು; ಐದರಲ್ಲಿ ಅಕ್ಕಪಕ್ಕದ ಭಾಗಗಳು, ಆರರಲ್ಲಿ ಮುಂದಿನ ಮೂಲೆ. ಮೊದಲ ಎರಡರಲ್ಲಿ ದನಿ ಬಹುಮಟ್ಟಿಗೆ ಮರಳುತ್ತದೆ. ಮೂರರಿಂದಾಚೆ ದನಿಯಲ್ಲಿ ಗಾಳಿ ಸೋರುತ್ತದೆ. ಬೇರೆಡೆ 5 ಮಿ.ಮೀ. ಆರೋಗ್ಯಕರ ಅಂಚು ಬಯಸುವ ಸರ್ಜನ್‌ಗಳು ತಂತುವಿನ ಮೇಲೆ 1ರಿಂದ 2 ಮಿ.ಮೀ.ಗೆ ಒಪ್ಪುತ್ತಾರೆ; ಅಲ್ಲಿ ಪ್ರತಿ ಮಿಲಿಮೀಟರ್ ದನಿಯ ಬೆಲೆಯದು. ಅಂಚಿನ ತುಣುಕನ್ನು ಆಪರೇಷನ್ ನಡೆಯುತ್ತಿರುವಾಗಲೇ ಪರೀಕ್ಷೆಗೆ ಕಳಿಸುವುದು, ಸುಟ್ಟ ಅಂಚನ್ನು ಓದುವುದು ಕಷ್ಟವಾದ್ದರಿಂದ ಲೇಸರ್‌ನ ಶಕ್ತಿ ಕಡಿಮೆ ಇಡುವುದು, ಎರಡೂ ತಂತುಗಳ ಮುಂತುದಿಯನ್ನು ಒಂದೇ ಸಲ ಹಸಿಗಾಯ ಮಾಡದಿರುವುದು ಮುಖ್ಯ. ಎರಡೂ ಕಡೆ ಹಸಿಯಾದರೆ ಅವು ಅಂಟಿಕೊಂಡು ನಡುವೆ ಜಾಲದಂಥ ಪೊರೆ ಬೆಳೆದು ದನಿ ಬಿಗಿಯುತ್ತದೆ.

ಲೇಸರ್ ಇರುವಲ್ಲಿ ಬೆಂಕಿಯ ಅಪಾಯವೂ ಇದೆ. ಲೇಸರ್ ತಡೆಯುವ ನಳಿಕೆ, ಅದರ ಬಲೂನಿಗೆ ಬಣ್ಣ ಬೆರೆಸಿದ ಸಲೈನ್, ಸುತ್ತ ಒದ್ದೆ ಗಾಜ್, ಆಮ್ಲಜನಕ ಶೇ 30ಕ್ಕಿಂತ ಕಡಿಮೆ. ಬಲೂನು ಒಡೆದರೆ ಬಣ್ಣ ಕಾಣಿಸುತ್ತದೆ, ಲೇಸರ್ ತಕ್ಷಣ ನಿಲ್ಲಬೇಕು.

ತಂತುಗಳ ಮೇಲಿನ ಭಾಗ ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಎಪಿಗ್ಲಾಟಿಸ್ ಹೋಗುತ್ತದೆ, ತಂತುಗಳು ಉಳಿಯುತ್ತವೆ. ಹಾಗಾಗಿ ದನಿ ಚೆನ್ನಾಗಿದ್ದು ನುಂಗುವುದು ಕಷ್ಟವಾಗುತ್ತದೆ. ಉಳಿದ ಭಾಗವನ್ನು ನಾಲಿಗೆಯ ಬುಡದ ಕೆಳಗೆ ಮೇಲೆತ್ತಿ ಹೊಲಿದರೆ, ಹಿಂದಕ್ಕೆ ಸರಿಯುವ ನಾಲಿಗೆಯೇ ಮುಚ್ಚಳದ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕ್ರಿಕಾಯ್ಡ್ ಮೇಲಿನ ಭಾಗಶಃ ಶಸ್ತ್ರಚಿಕಿತ್ಸೆ. ಇದರಲ್ಲಿ ಥೈರಾಯ್ಡ್ ಮೃದ್ವಸ್ಥಿ ಪೂರ್ತಿ, ನಿಜವಾದ ಎರಡು ತಂತುಗಳು, ಅವುಗಳ ಮೇಲಿನ ಹುಸಿ ತಂತುಗಳೂ ಹೋಗುತ್ತವೆ. ಕ್ರಿಕಾಯ್ಡ್‌ಅನ್ನು ಮೇಲಕ್ಕೆಳೆದು ನಾಲಿಗೆಮೂಳೆಗೆ ಕಟ್ಟುತ್ತಾರೆ. ಉಳಿದ ಅರಿಟೆನಾಯ್ಡ್ ಮುಂದಕ್ಕೆ ಬಾಗಿ ಎಪಿಗ್ಲಾಟಿಸ್‌ಗೋ ನಾಲಿಗೆಯ ಬುಡಕ್ಕೋ ತಾಗಿದಾಗ ಆ ಸಂದಿನಲ್ಲಿ ಲೋಳೆಪೊರೆ ಕಂಪಿಸಿ ಒರಟು ದನಿ ಹುಟ್ಟುತ್ತದೆ. ಇಲ್ಲಿ ಕೆಡುವುದು ಸಣ್ಣ ಸಣ್ಣ ಕಡೆಗಳಲ್ಲಿ. ಕ್ರಿಕಾಯ್ಡ್ ಮತ್ತು ಥೈರಾಯ್ಡ್ ಮೃದ್ವಸ್ಥಿಯ ಕೀಲು ಬಿಡಿಸುವಾಗ ಅದರ ಬೆನ್ನಿಗೇ ಹಾದುಹೋಗುವ ನರ ತುಂಡಾದರೆ ಉಳಿಸಿದ ಅರಿಟೆನಾಯ್ಡ್ ಇದ್ದೂ ಇಲ್ಲದಂತೆ. ಅರಿಟೆನಾಯ್ಡ್‌ಅನ್ನು ಮುಂದಕ್ಕೆ ಎಳೆದು ಕ್ರಿಕಾಯ್ಡ್‌ಗೆ ಒಂದು ಹೊಲಿಗೆ ಹಾಕದಿದ್ದರೆ ಅದು ಹಿಂದಕ್ಕೆ ಬೀಳುತ್ತದೆ. ಕ್ರಿಕಾಯ್ಡ್ ಸುತ್ತಿ, ನಾಲಿಗೆಯ ಬುಡವನ್ನೂ ನಾಲಿಗೆಮೂಳೆಯನ್ನೂ ಹಿಡಿದು ಬರುವ ಮೂರು ದಪ್ಪ ಹೊಲಿಗೆಗಳಲ್ಲಿ ಒಂದು ನಟ್ಟನಡುವೆ, ಉಳಿದೆರಡು ಅದರ ಎರಡೂ ಬದಿಗೆ ಸುಮಾರು 1 ಸೆಂ.ಮೀ. ದೂರಕ್ಕೆ. ಅವುಗಳನ್ನು ಗಂಟು ಹಾಕಿದಾಗ ಕ್ರಿಕಾಯ್ಡ್ ಮತ್ತು ನಾಲಿಗೆಮೂಳೆ ಮುಂದೆ ಒಂದೇ ಸಾಲಿಗೆ ಬರಬೇಕು. ಕ್ರಿಕಾಯ್ಡ್ ಹಿಂದೆ ಸರಿದು ಕೂತರೆ ಉಸಿರಿನ ದಾರಿ ಕಿರಿದಾಗುತ್ತದೆ. ಹೊಲಿಗೆಯ ಮೇಲೆ ಎಳೆತ ಬೀಳದಂತೆ ಶ್ವಾಸನಾಳವನ್ನು ಮುಂಭಾಗದಲ್ಲಿ ಬೆರಳಿನಿಂದ ಬಿಡಿಸಿ ಮೇಲೆ ಬರುವಂತೆ ಮಾಡಿರಬೇಕು; ಪಕ್ಕಗಳಲ್ಲಿ ಬಿಡಿಸಿದರೆ ರಕ್ತ ಪೂರೈಕೆ ಹೋಗುತ್ತದೆ. ಮುಂಭಾಗದಲ್ಲಿ ಗೆಡ್ಡೆ ತಂತುಗಳಿಂದ 1 ಸೆಂ.ಮೀ.ಗಿಂತ ಕೆಳಗಿಳಿದಿದ್ದರೆ ಈ ಶಸ್ತ್ರಚಿಕಿತ್ಸೆ ಬೇಡ. ಹಿಂಭಾಗದಲ್ಲಿ ಅಷ್ಟೂ ಅವಕಾಶವಿಲ್ಲ.

ನಾಲಿಗೆಯ ಬುಡ, ಟಾನ್ಸಿಲ್‌ನ ಚಿಕ್ಕ ಗೆಡ್ಡೆಗಳನ್ನು ಬಾಯಿಯ ಮೂಲಕವೇ ರೋಬಾಟ್‌ನಿಂದ ತೆಗೆಯಬಹುದು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2009ರಲ್ಲಿ. ದವಡೆ ಸೀಳುವ ಅಗತ್ಯ ತಪ್ಪುವುದರಿಂದ ನುಂಗುವುದು ಬೇಗ ಮರಳುತ್ತದೆ. ಭಯವೆಂದರೆ ತಡವಾಗಿ ಬರುವ ರಕ್ತಸ್ರಾವ, ಅದೂ ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಆದ್ದರಿಂದಲೇ ಕುತ್ತಿಗೆಯ ಗ್ರಂಥಿ ತೆಗೆಯುವಾಗ ಆ ಕಡೆಗೆ ಹೋಗುವ ಅಪಧಮನಿಯ ಕವಲುಗಳನ್ನು ಮೊದಲೇ ಕಟ್ಟಿಬಿಡುತ್ತಾರೆ.

ಪೂರ್ಣ ಧ್ವನಿಪೆಟ್ಟಿಗೆ ತೆಗೆಯುವಾಗಲೂ ಉಳಿಸುವುದು ಬಹಳವಿದೆ

ಕ್ಯಾನ್ಸರ್‌ಗಾಗಿ ಇಡೀ ಧ್ವನಿಪೆಟ್ಟಿಗೆಯನ್ನು ಮೊದಲು ತೆಗೆದವರು ವಿಯೆನ್ನಾದ ಸರ್ಜನ್ ಬಿಲ್‌ರೋಟ್, 1873ರಲ್ಲಿ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ ಸಿಲಿಕೋನ್ ಕವಾಟ ಇಡುವ ವಿಧಾನವನ್ನು ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ವರದಿ ಮಾಡಿದ ಮೇಲೆ ಈ ರೋಗಿಗಳ ಮಾತಿನ ಚಿತ್ರವೇ ಬದಲಾಯಿತು. ಕುತ್ತಿಗೆಯ ರಂಧ್ರ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದಿಂದ ಗಂಟಲಿಗೆ ಹೋಗಿ ಅಲ್ಲಿನ ಗೋಡೆಯನ್ನು ಕಂಪಿಸುತ್ತದೆ. ಈ ದನಿ ಸಿಗಲು ಸರ್ಜನ್ ಅಂದೇ ಮಾಡಬೇಕಾದ ಕೆಲವು ಕೆಲಸಗಳಿವೆ.

ಗಂಟಲು ಮತ್ತು ಅನ್ನನಾಳ ಕೂಡುವಲ್ಲಿರುವ ಸ್ನಾಯುವನ್ನು ಲೋಳೆಪೊರೆಗೆ ತಾಗದಂತೆ ಉದ್ದಕ್ಕೆ ಸೀಳಿಬಿಡಬೇಕು. ಇಲ್ಲವಾದರೆ ಗಾಳಿ ಬಂದೊಡನೆ ಅದು ಬಿಗಿದುಕೊಂಡು ದನಿ ಕಟ್ಟುತ್ತದೆ. ಗಂಟಲನ್ನು ಮುಚ್ಚಲು ಉಳಿದಿರುವ ಲೋಳೆಪೊರೆ ಹಿಗ್ಗಿಸಿದಾಗ 3 ಸೆಂ.ಮೀ. ಅಗಲವೂ ಇಲ್ಲದಿದ್ದರೆ ಎಳೆದು ಹೊಲಿಯುವುದು ಬೇಡ, ಎದೆಯ ಸ್ನಾಯುವಿನದೋ ತೊಡೆಯದೋ ತುಂಡು ತಂದು ಸೇರಿಸಬೇಕು. ಎಳೆದು ಹೊಲಿದ ಗಂಟಲು ಇಂದು ಮಾಯುತ್ತದೆ, ಮುಂದೆ ಘನ ಆಹಾರಕ್ಕೆ ದಾರಿ ಕೊಡುವುದಿಲ್ಲ. ಮೊದಲೇ ಕೀಮೋ ರೇಡಿಯೇಶನ್ ಆದವರಲ್ಲಿ ಹೊಲಿಗೆ ಬಿಟ್ಟು ಜೊಲ್ಲು ಸೋರುವುದು ಹೆಚ್ಚು. ಅವರಿಗೆ ರೇಡಿಯೇಶನ್ ತಾಗದ ಸ್ನಾಯುವನ್ನು ಹೊಲಿಗೆಯ ಮೇಲೆ ಹೊದಿಸುವುದು ಸೋರಿಕೆಯ ತೀವ್ರತೆಯನ್ನು ತಗ್ಗಿಸುತ್ತದೆ. ಮೂರು ಹೊಲಿಗೆಸಾಲುಗಳು ಕೂಡುವ ಟಿ ಆಕಾರದ ತುದಿಯೇ ಅತ್ಯಂತ ದುರ್ಬಲ ಜಾಗ. ಎಳೆತವಿಲ್ಲದೆ ನೇರ ಸಾಲಿನಲ್ಲಿ ಮುಚ್ಚಲು ಬಂದರೆ ಅದೇ ಮೇಲು. ಕುತ್ತಿಗೆಯ ರಂಧ್ರ ಗುಳಿಯಲ್ಲಿ ಕೂರದಂತೆ, ಕತ್ತಿನ ಪಕ್ಕದ ಸ್ನಾಯುವಿನ ಎದೆಮೂಳೆಗೆ ಅಂಟಿದ ತುದಿಯನ್ನು ಬಿಡಿಸಿ ಸುತ್ತಲನ್ನು ಸಮತಟ್ಟು ಮಾಡುವುದು ಚಿಕ್ಕ ಕೆಲಸ. ಅದನ್ನು ಬಿಟ್ಟರೆ ಹೆಬ್ಬೆರಳಿಟ್ಟು ಮುಚ್ಚಿದಾಗ ಪಕ್ಕದಿಂದ ಗಾಳಿ ಸೋರುತ್ತದೆ, ರಂಧ್ರದ ಮೇಲಿಡುವ ಫಿಲ್ಟರ್‌ನ ಅಂಟು ಹಿಡಿಯುವುದಿಲ್ಲ.

ಜೊಲ್ಲು ಸೋರಿಕೆ ಸಾಮಾನ್ಯವಾಗಿ ಮೊದಲೆರಡು ವಾರದೊಳಗೆ ಕಾಣಿಸಿಕೊಳ್ಳುತ್ತದೆ: ಜ್ವರ, ಕುತ್ತಿಗೆ ಕೆಂಪಾಗುವುದು, ಗಾಯದ ದ್ರವ ಹೊರತರುವ ಡ್ರೈನ್‌ನಲ್ಲಿ ಮಬ್ಬು ದ್ರವ. ರೇಡಿಯೇಶನ್ ಆಗದವರಿಗೆ ಬಾಯಿಂದ ಆಹಾರವನ್ನು ಸುಮಾರು 7ನೆಯ ದಿನಕ್ಕೆ, ಆದವರಿಗೆ 10ರಿಂದ 14 ದಿನಕ್ಕೆ ಶುರುಮಾಡುವುದು ರೂಢಿ.

ಆಪರೇಷನ್ ನಂತರ: ಮೊದಲ ಗುಟುಕು

ಚಿಕ್ಕ ಲೇಸರ್ ಆದವರು ಅಂದೇ ಅಥವಾ ಮರುದಿನ ಊಟ ಮಾಡಬಹುದು. ದನಿಗೆ ಕೆಲವು ದಿನ ಪೂರ್ಣ ವಿಶ್ರಾಂತಿ ಕೊಡಿ. ಪಿಸುಗುಟ್ಟುವುದೂ ತಂತುಗಳಿಗೆ ಶ್ರಮವೇ, ಬರೆದು ತೋರಿಸಿ. ನೀರು ಚೆನ್ನಾಗಿ ಕುಡಿಯಿರಿ, ಗಂಟಲು ಕೆರೆದು ಸರಿಪಡಿಸುವ ಅಭ್ಯಾಸ ಬಿಡಿ. ಕೆಲವರಿಗೆ ಗಾಯದ ಮೇಲೆ ಕೆಂಪು ಗಂಟು ಬೆಳೆದು ತಾನಾಗಿಯೇ ಕರಗುತ್ತದೆ. ಅನುಮಾನವಿದ್ದರೆ ಸರ್ಜನ್ ತುಣುಕು ತೆಗೆದು ನೋಡುತ್ತಾರೆ. ತಂತುಗಳ ನಡುವೆ ಸಂದು ಉಳಿದು ದನಿ ಗಾಳಿಯಂತಿದ್ದರೆ ತುಂಬಿಸುವ ಚುಚ್ಚುಮದ್ದೋ ಆಪರೇಷನ್ನೋ ಇದೆ, ಅದನ್ನು 6ರಿಂದ 12 ತಿಂಗಳು ಕಾದು ಮಾಡಿಸಿ.

ಭಾಗಶಃ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಟ್ರಕಿಯಾಸ್ಟಮಿ, ಮೂಗಿನ ನಳಿಕೆ ಎರಡೂ ಇರುತ್ತವೆ. ಟ್ರಕಿಯಾಸ್ಟಮಿ ಬೇಗ ತೆಗೆದಷ್ಟೂ ನುಂಗುವುದಕ್ಕೆ ಒಳ್ಳೆಯದು. ಆ ನಳಿಕೆ ಗಂಟಲಮಣಿ ಮೇಲೇರದಂತೆ ಹಿಡಿದುಕೊಳ್ಳುತ್ತದೆ, ಕೆಮ್ಮಿನ ಒತ್ತಡವೂ ಅದರಿಂದ ಸೋರಿಹೋಗುತ್ತದೆ. ಮೂಗಿನ ನಳಿಕೆ ವಾರಗಟ್ಟಲೆ ಇರುತ್ತದೆ ಎಂದು ಮೊದಲೇ ಮನಸ್ಸು ಗಟ್ಟಿಮಾಡಿಕೊಳ್ಳಿ. ನಳಿಕೆಯಲ್ಲಿ ಆಹಾರ ಹಾಕುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ. ಬಾಯಿ ಚೊಕ್ಕಟವಾಗಿರುವುದು ತೀರಾ ಮುಖ್ಯ. ಒಳಗಿಳಿಯುವ ಜೊಲ್ಲಿನಲ್ಲಿ ಕ್ರಿಮಿಗಳು ಹೆಚ್ಚಿದ್ದಷ್ಟೂ ನ್ಯುಮೋನಿಯಾ ಹತ್ತಿರ. ಬಾಯಿಂದ ಏನೂ ತಿನ್ನದಿದ್ದರೂ ದಿನಕ್ಕೆ ಎರಡು ಮೂರು ಸಲ ಹಲ್ಲುಜ್ಜಿ.

ನುಂಗುವ ಅಭ್ಯಾಸಕ್ಕೆ ಮೊದಲು ನೆಟ್ಟಗೆ ಕೂತುಕೊಳ್ಳಿ, ಮಲಗಿ ಬೇಡ. ಟಿ.ವಿ. ಆರಿಸಿ. ಶುರುವಿನ ಪ್ರಮಾಣ 3 ಮಿ.ಲೀ., ಎಂದರೆ ಅರ್ಧ ಟೀಚಮಚಕ್ಕಿಂತ ಕೊಂಚ ಹೆಚ್ಚು. ಬಾಯಲ್ಲಿ ಇಟ್ಟುಕೊಂಡು ಮೂಗಿನಿಂದ ಉಸಿರೆಳೆದುಕೊಳ್ಳಿ. ಉಸಿರು ಬಿಗಿಹಿಡಿಯಿರಿ. ಹಿಡಿದಂತೆಯೇ ನುಂಗಿ. ನುಂಗಿದ ತಕ್ಷಣ, ಉಸಿರೆಳೆದುಕೊಳ್ಳುವ ಮೊದಲೇ ಕೆಮ್ಮಿ. ಮತ್ತೊಮ್ಮೆ ನುಂಗಿ. ಆಮೇಲೆ ಉಸಿರಾಡಿ. ಹೆಚ್ಚಿನವರು ತಪ್ಪುವುದು ಒಂದೇ ಕಡೆ: ನುಂಗಿ, ಉಸಿರೆಳೆದು, ಆಮೇಲೆ ಕೆಮ್ಮುತ್ತಾರೆ. ಆ ಉಸಿರಿನೊಂದಿಗೆ ಮೇಲೆ ನಿಂತದ್ದೆಲ್ಲ ಒಳಗೆ ಹೋಗಿರುತ್ತದೆ. ಮೊದಲು ಬರಿಯ ಜೊಲ್ಲಿನಲ್ಲಿ ಈ ಕ್ರಮ ಕೈವಶ ಮಾಡಿಕೊಂಡು ಆಮೇಲೆ ಆಹಾರಕ್ಕೆ ಬನ್ನಿ. ಆಪರೇಷನ್‌ಗೆ ಮುಂಚೆಯೇ ಕಲಿತವರಿಗೆ ಇದು ಬಹಳ ಸುಲಭ. ಹೃದಯದ ತೊಂದರೆ ಇರುವವರು ಉಸಿರು ಬಿಗಿಹಿಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಒಂದು ಬದಿ ದುರ್ಬಲವಾಗಿದ್ದರೆ ಆ ಬದಿಗೆ ತಲೆ ತಿರುಗಿಸಿ ನುಂಗಿ; ಆಹಾರ ಬಲವಾದ ಬದಿಯಿಂದ ಇಳಿಯುತ್ತದೆ.

ಬರಿಯ ನೀರು ಅತ್ಯಂತ ಕಷ್ಟದ್ದು, ಗಂಟಲು ಮುಚ್ಚುವ ಮೊದಲೇ ಓಡಿಬಿಡುತ್ತದೆ. ದ್ರವದ ದಪ್ಪ ಎಷ್ಟಿರಬೇಕು ಎಂದು ನುಂಗುವ ತರಬೇತಿ ಕೊಡುವ ಥೆರಪಿಸ್ಟ್ ಹೇಳುತ್ತಾರೆ. ಅದನ್ನು ಮನೆಯಲ್ಲೇ ಅಳೆಯಬಹುದು. 0ರಿಂದ 10ರ ಗುರುತಿನ ನಡುವೆ 61.5 ಮಿ.ಮೀ. ಉದ್ದವಿರುವ 10 ಮಿ.ಲೀ. ಸಿರಿಂಜ್ ತೆಗೆದುಕೊಂಡು ಹಿಂದಿನ ದಂಡ ಕಿತ್ತುಹಾಕಿ. ತುದಿಯನ್ನು ಬೆರಳಿನಿಂದ ಮುಚ್ಚಿ 10ರವರೆಗೆ ದ್ರವ ತುಂಬಿ. ಬೆರಳು ಬಿಟ್ಟು 10 ಸೆಕೆಂಡ್ ಎಣಿಸಿ, ಮತ್ತೆ ಮುಚ್ಚಿ. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆಯಿದ್ದರೆ ಅದು 0 ಮಟ್ಟ; 1ರಿಂದ 4 ಉಳಿದರೆ ಒಂದನೆಯದು; 4ರಿಂದ 8 ಉಳಿದರೆ ಎರಡನೆಯದು; 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪ ಹರಿದಿದ್ದರೆ ಮೂರನೆಯದು; ಹನಿಯೂ ಬೀಳದಿದ್ದರೆ ನಾಲ್ಕನೆಯದು. ಪುಡಿ ಬೆರೆಸಿ ದಪ್ಪ ಮಾಡಿದ ದ್ರವ ಇಟ್ಟಷ್ಟು ಹೊತ್ತೂ ದಪ್ಪವಾಗುತ್ತಾ ಹೋಗಬಹುದು. ಕುಡಿಯುವ ಹೊತ್ತಿಗೇ ಅಳೆಯಿರಿ.

ನುಂಗಿದ ಮೇಲೆ 'ಆ' ಎಂದು ನೋಡಿ. ದನಿ ಗೊರಗೊರ ಎಂದರೆ ಮೇಲೆ ಏನೋ ನಿಂತಿದೆ, ಇನ್ನೊಮ್ಮೆ ಕೆಮ್ಮಿ ನುಂಗಿ. ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಸಂಜೆ ಸಂಜೆ ಜ್ವರ ಬರುತ್ತಿದ್ದರೆ ಅಭ್ಯಾಸ ನಿಲ್ಲಿಸಿ ಥೆರಪಿಸ್ಟ್ ಬಳಿ ಹೋಗಿ, ಪರೀಕ್ಷೆ ಮತ್ತೆ ಮಾಡಿಸಿ.

ಆಮೇಲೆ ರೇಡಿಯೇಶನ್ ಇದ್ದರೆ ನುಂಗುವುದನ್ನು ಪೂರ್ತಿ ನಿಲ್ಲಿಸಬೇಡಿ. ಗಂಟಲು ಉರಿಯುವ ವಾರಗಳಲ್ಲೂ ಥೆರಪಿಸ್ಟ್ ಸುರಕ್ಷಿತ ಎಂದದ್ದನ್ನು, ಎರಡು ಚಮಚವಾದರೂ ಸರಿ, ಬಾಯಿಂದ ನುಂಗಿ. ನೋವಿಗೆ ಔಷಧವನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ಸೊರಗಿದ್ದು ಗಡುಸಾದರೆ ಮತ್ತೆ ಸಡಿಲಿಸುವುದು ಬಹಳ ಕಷ್ಟ. ಬಾಯಿ ತೆರೆಯುವ ಅಳತೆ ಮುಂದಿನ ಹಲ್ಲುಗಳ ನಡುವೆ 35 ಮಿ.ಮೀ.ಗಿಂತ ಕಡಿಮೆಯಾದರೆ ದವಡೆಯ ವ್ಯಾಯಾಮ ಕೂಡಲೇ ಬೇಕು.

ಕವಾಟ ಇಟ್ಟುಕೊಂಡವರು ನೋಡಿಕೊಳ್ಳಬೇಕಾದದ್ದು

ಕವಾಟ ಶಾಶ್ವತವಲ್ಲ, ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ದಿನಕ್ಕೆ ಕನಿಷ್ಠ ಎರಡು ಸಲ ಅದರದೇ ಬ್ರಷ್ ಹಾಕಿ ತಿರುಗಿಸಿ ಹೊರಗೆಳೆದು ಸ್ವಚ್ಛಮಾಡಿ. ಕುಡಿದದ್ದು ಕೆಮ್ಮು ತರಿಸಿದರೆ, ಬಣ್ಣದ ನೀರು ಕುಡಿಯುತ್ತಾ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿ. ಕವಾಟದ ನಡುವಿನಿಂದ ಹನಿ ಬಂದರೆ ಮೊದಲು ಬ್ರಷ್ ಮಾಡಿ. ನಿಲ್ಲದಿದ್ದರೆ ಕ್ಯಾಂಡಿಡಾ ಶಿಲೀಂಧ್ರ ಬೆಳೆದು ಬಾಗಿಲು ಮುಚ್ಚುತ್ತಿಲ್ಲ, ಬದಲಿಸಬೇಕು. ಕವಾಟದ ಸುತ್ತಲಿಂದ ಬಂದರೆ ಅದು ಉದ್ದ ಹೆಚ್ಚಾಗಿದೆ ಅಥವಾ ತೂತು ಹಿಗ್ಗಿದೆ. ಆಗ ಇನ್ನೂ ದಪ್ಪ ಕವಾಟ ತುರುಕುವುದು ತಪ್ಪು, ಅಳತೆ ಮಾಡಿಸಿ.

ದನಿ ಬರುತ್ತಿಲ್ಲವೆಂದರೆ ಮೊದಲು ಬೆರಳನ್ನು ಹಗುರ ಮಾಡಿ ನೋಡಿ. ಗಟ್ಟಿಯಾಗಿ ಒತ್ತಿದರೆ ಒಳಗಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಕ್ಲಿನಿಕ್‌ನಲ್ಲಿ ಕವಾಟ ತೆಗೆದು ತೂತಿನಿಂದಲೇ ಮಾತಾಡಿಸುತ್ತಾರೆ: ಆಗ ದನಿ ಬಂದರೆ ದೋಷ ಕವಾಟದ್ದು, ಬರದಿದ್ದರೆ ಗಂಟಲ ಸ್ನಾಯುವಿನ ಬಿಗಿತ. ಬಿಗಿತಕ್ಕೆ ಬೊಟುಲಿನಮ್ ಚುಚ್ಚುಮದ್ದು ಕೆಲಸ ಮಾಡುತ್ತದೆ. ಕವಾಟ ಬೇಡವೆನ್ನುವವರಿಗೆ ಕುತ್ತಿಗೆಗೆ ಒತ್ತಿ ಹಿಡಿಯುವ ಎಲೆಕ್ಟ್ರೊಲ್ಯಾರಿಂಕ್ಸ್, ತೇಗಿನ ಗಾಳಿಯಿಂದ ಮಾತಾಡುವ ಅಭ್ಯಾಸ ಇವೆ.

ಕವಾಟ ಕಳಚಿ ಬಿದ್ದರೆ ಗಾಬರಿ ಬೇಡ, ವಿಳಂಬವೂ ಬೇಡ. ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಕ್ಯಾಥೆಟರ್‌ಅನ್ನು ಕಲಿಸಿದಂತೆ ತೂತಿಗೆ ಇಳಿಸಿ ಟೇಪ್ ಅಂಟಿಸಿ. ಗಂಟೆಗಳಲ್ಲೇ ತೂತು ಕೂಡಿಕೊಳ್ಳಬಹುದು. ಬಿದ್ದ ಕವಾಟ ಕಣ್ಣಿಗೆ ಕಾಣದಿದ್ದರೆ ಶ್ವಾಸಕೋಶಕ್ಕೆ ಹೋಗಿರಬಹುದೆಂದೇ ತಿಳಿದು ತಕ್ಷಣ ಆಸ್ಪತ್ರೆಗೆ ಹೋಗಿ.

ತುರ್ತಿನಲ್ಲಿ ಈ ವ್ಯಕ್ತಿಗೆ ಆಮ್ಲಜನಕವನ್ನು ಕುತ್ತಿಗೆಯ ರಂಧ್ರಕ್ಕೇ ಕೊಡಬೇಕು, ಮೂಗು ಬಾಯಿಗೆ ಕೊಟ್ಟರೆ ಶ್ವಾಸಕೋಶ ತಲುಪುವುದಿಲ್ಲ. ಹಾಗೆಂದು ಬರೆದ ಕಾರ್ಡ್ ಜೇಬಿನಲ್ಲಿ, ಬಳೆಯಂತೆ ಕೈಯಲ್ಲಿ, ಎರಡೂ ಕಡೆ ಇರಲಿ. ಶವರ್‌ನಡಿ ರಂಧ್ರಕ್ಕೆ ತಡೆ ಹಾಕಿ. ತೇವ ಹಿಡಿದಿಡುವ ಫಿಲ್ಟರ್ ಹಗಲು ರಾತ್ರಿ ಇದ್ದರೆ ಕಫವೂ ಕೆಮ್ಮೂ ಗಣನೀಯವಾಗಿ ತಗ್ಗುತ್ತವೆ.

ವರ್ಷಗಳ ಮೇಲೆ

ಕುತ್ತಿಗೆಗೆ ರೇಡಿಯೇಶನ್ ಆದವರು 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಗ್ರಂಥಿಯ ಕೆಲಸ ಕುಸಿದರೆ ಆಯಾಸ ಬರುತ್ತದೆ, ದನಿ ದಪ್ಪವಾಗುತ್ತದೆ, ಗಾಯವೂ ಬೇಗ ಮಾಯುವುದಿಲ್ಲ. ಚೆನ್ನಾಗಿ ನುಂಗುತ್ತಿದ್ದವರಿಗೆ ಹೊಸದಾಗಿ ಘನ ಆಹಾರ ಸಿಕ್ಕಿಕೊಳ್ಳತೊಡಗಿದರೆ ಅದು ಗಾಯದ ಕಲೆ ಬಿಗಿದು ದಾರಿ ಕಿರಿದಾದದ್ದೂ ಇರಬಹುದು, ಕ್ಯಾನ್ಸರ್ ಮರಳಿದ್ದೂ ಇರಬಹುದು. ಆದ್ದರಿಂದ ಮೊದಲು ಎಂಡೋಸ್ಕೋಪಿ, ಸಂಶಯದ ಜಾಗದಿಂದ ಬಯಾಪ್ಸಿ. ಅದು ಸ್ವಚ್ಛವೆಂದು ಬಂದ ಮೇಲೆಯೇ ದಾರಿ ಹಿಗ್ಗಿಸಿಕೊಳ್ಳಿ. ಒಂದೇ ಸಲಕ್ಕೆ ಪೂರ್ತಿ ಹಿಗ್ಗಿಸಿದರೆ ಗೋಡೆ ಹರಿಯುವ ಅಪಾಯವಿದೆ. ಕೆಲವು ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸುತ್ತಾ, ನಡುವೆ ನುಂಗುವ ವ್ಯಾಯಾಮ ಬಿಡದೆ ಮಾಡಬೇಕು.